ದ್ವೀಪಕ್ಕೆ ದಾರಿ ಬೇಕು, ನಿಜ, ಆದರೆ ಯಾರಿಗಾಗಿ?

ದ್ವೀಪದ ಬದುಕು ಎಂದರೇನೆಂಬುದನ್ನು ಮಲೆನಾಡಿನ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಹಿನ್ನೀರು ಕಣಿವೆಗಳನ್ನು ತುಂಬಿದಾಗ ಸಾಗರ ತಾಲ್ಲೂಕಿನ ಕರೂರು, ಬಾರಂಗಿ ಸೀಮೆಯ ಹಳ್ಳಿಗಳ ದಾರಿಗಳು ನೀರಿನಡಿ ಸೇರಿದವು. ಒಂದೆಡೆ ಹಿನ್ನೀರು, ಇನ್ನೊಂದೆಡೆ ಘಟ್ಟದ ಕಾಡು. ತುಮರಿಯ ರೈತ ತಾಲ್ಲೂಕು ಕಚೇರಿಗೆ ಹೋಗಬೇಕೆಂದರೂ, ಹೆರಿಗೆ ನೋವಿನ ಹೆಣ್ಣುಮಗಳು ಆಸ್ಪತ್ರೆ ಸೇರಬೇಕೆಂದರೂ ಲಾಂಚಿಗೆ ಕಾಯಬೇಕಿತ್ತು. ಕತ್ತಲಾದರೆ ಲಾಂಚಿಲ್ಲ, ಬೇಸಿಗೆಯಲ್ಲಿ ನೀರು ಇಳಿದರೆ ವಾಹನ ಸಾಗಿಸುವಂತಿಲ್ಲ. ಅಡಕೆಯ ಕೊಳೆರೋಗ, ಹಿಡಿಮುಂಡಿಗೆ ರೋಗಗಳ ಕುರಿತು ಮಾತನಾಡಲು ಆ ಭಾಗಕ್ಕೆ ಹೋಗುತ್ತಿದ್ದ ದಿನಗಳಲ್ಲಿ ಕೊನೆಯ ಲಾಂಚ್ ತಪ್ಪಿಸಿಕೊಂಡು, ಯಾರದೋ ಮನೆಯ ಜಗಲಿಯಲ್ಲಿ ರಾತ್ರಿ ಕಳೆದದ್ದು ನನಗೂ ಉಂಟು. ಆ ಮನೆಯ ಅಜ್ಜ ಅಂದು ಕೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: "ನೀವು ಒಂದು ರಾತ್ರಿ ಉಳಿದಿರಿ ಮಾರಾಯ್ರೆ, ನಾವು ಉಳಿದು ಎಷ್ಟು ವರ್ಷ ಆಯ್ತು ಹೇಳಿ?"

ಅಂಬಾರಗೋಡ್ಲು-ಕಳಸವಳ್ಳಿ ನಡುವಿನ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈ 14ರಂದು. ಅಣೆಕಟ್ಟು ಕಟ್ಟಿ ಅರವತ್ತೊಂದು ವರ್ಷಗಳ ನಂತರ! ನಾಡಿಗೆ ಬೆಳಕು ಕೊಡುವ ಕಾರ್ಯ ತುರ್ತಾಗಿ ನಡೆಯಿತು. ಬೆಳಕು ಕೊಟ್ಟವರಿಗೆ ದಾರಿ ಕೊಡುವ ಕಾರ್ಯಕ್ಕೆ ಎರಡು ತಲೆಮಾರುಗಳು ಬೇಕಾದವು. ಆದ್ದರಿಂದ "ಪರಿಸರವಾದಿಗಳಿಗೆ ರಸ್ತೆ, ಸೇತುವೆಗಳೆಂದರೆ ಆಗದು" ಎಂಬ ಹಳೆಯ ಆರೋಪವನ್ನು ನನ್ನ ಮೇಲೆ ಹೊರಿಸುವವರು ಮೊದಲು ಆ ಜಗಲಿಯಲ್ಲಿ ಒಂದು ರಾತ್ರಿ ಮಲಗಿ ಬರಲಿ. ದಾರಿ ಬೇಕು. ದಾರಿ ಎಂಬುದು ಹಕ್ಕು. ಆದರೆ ಯಾವ ದಾರಿ, ಎಷ್ಟು ದೊಡ್ಡ ದಾರಿ, ಯಾರ ಹೆಸರಿನಲ್ಲಿ, ಯಾರ ಪ್ರಯೋಜನಕ್ಕೆ ಎಂದು ಕೇಳುವುದೂ ಹಕ್ಕೇ. ಈ ಪ್ರಶ್ನೆಯನ್ನು ಕೇಳದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಇಂದು ನಮ್ಮ ಕಣ್ಣೆದುರಿರುವ ಅತ್ಯಂತ ದೊಡ್ಡ ಉದಾಹರಣೆ ಗ್ರೇಟ್ ನಿಕೋಬಾರ್ ದ್ವೀಪ.

ಅಲ್ಲಿಗೆ ಇಂದು ಹೋಗುವುದು ಹೇಗೆ?

ಭಾರತದ ದಕ್ಷಿಣದ ತುತ್ತತುದಿ ಕನ್ಯಾಕುಮಾರಿ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದವರು ನಾವು. ನಿಜವಾದ ತುದಿ ಇರುವುದು ಗ್ರೇಟ್ ನಿಕೋಬಾರಿನ ಇಂದಿರಾ ಪಾಯಿಂಟಿನಲ್ಲಿ. ಅಲ್ಲಿಂದ ಸುಮಾತ್ರಾದ ಕಡೆಗೆ ಸುಮಾರು ನೂರೈವತ್ತು ಕಿಲೋಮೀಟರ್. ಚೆನ್ನೈಗಾದರೆ ಸಾವಿರಕ್ಕೂ ಹೆಚ್ಚು. ದ್ವೀಪದ ವಿಸ್ತೀರ್ಣ ಸುಮಾರು 910 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಜನಸಂಖ್ಯೆ ಎಂಟು ಸಾವಿರದ ಆಸುಪಾಸು.

ಬೆಂಗಳೂರಿನಿಂದ ವಿಮಾನ ಹತ್ತಿದವರು ಕೆಲವೇ ತಾಸುಗಳಲ್ಲಿ ಪೋರ್ಟ್ ಬ್ಲೇರ್ ತಲುಪುತ್ತಾರೆ. 2024ರಲ್ಲಿ ಆ ಊರಿಗೆ ಶ್ರೀ ವಿಜಯ ಪುರಂ ಎಂದು ಹೆಸರಿಟ್ಟಿದ್ದಾರೆ. ಹಡಗಿನಲ್ಲಿ ಹೋಗುವವರಿಗೆ ಚೆನ್ನೈನಿಂದ ಮೂರು ದಿನಗಳ ಪಯಣ. ಅಲ್ಲಿಗೆ ಪ್ರವಾಸಿಯ ದಾರಿ ಮುಗಿಯುತ್ತದೆ, ದ್ವೀಪವಾಸಿಯ ದಾರಿ ಆರಂಭವಾಗುತ್ತದೆ. ಗ್ರೇಟ್ ನಿಕೋಬಾರಿನ ಮುಖ್ಯ ಊರಾದ ಕ್ಯಾಂಪ್‌ಬೆಲ್ ಬೇ ಅಲ್ಲಿಂದ ಮತ್ತೆ ಐನೂರಕ್ಕೂ ಹೆಚ್ಚು ಕಿಲೋಮೀಟರ್ ದಕ್ಷಿಣಕ್ಕಿದೆ. ಕಾರ್ ನಿಕೋಬಾರ್, ಕಮೋರ್ಟಾ ಮುಂತಾದ ದ್ವೀಪಗಳಲ್ಲಿ ತಂಗುತ್ತ ಸಾಗುವ ಸರ್ಕಾರಿ ಹಡಗಿಗೆ ಒಂದೂವರೆ ದಿನವೂ ಆಗಬಹುದು, ಎರಡೂವರೆ ದಿನವೂ ಆಗಬಹುದು. ಮುಂಗಾರಿನ ಕಡಲು ಉಕ್ಕಿದರೆ ಹಡಗು ಹೊರಡುವ ದಿನವೇ ಅನಿಶ್ಚಿತ. ಹೆಲಿಕಾಪ್ಟರ್ ಉಂಟು, ಆದರೆ ಆಸನಗಳು ಬೆರಳೆಣಿಕೆ. ರೋಗಿಗಳಿಗೆ, ಅಧಿಕಾರಿಗಳಿಗೆ ಕೊಟ್ಟು ಮಿಕ್ಕಿದ್ದು ಉಳಿದವರಿಗೆ. 2012ರಲ್ಲಿ ನೌಕಾಪಡೆ ಅಲ್ಲಿ ಐಎನ್ಎಸ್ ಬಾಜ್ ಎಂಬ ವಾಯುನೆಲೆಯನ್ನು ಸ್ಥಾಪಿಸಿತು. ಅದರ ಓಡುದಾರಿ ಚಿಕ್ಕ ವಿಮಾನಗಳಿಗೆ ಸಾಕಾಗುವಷ್ಟು.

ಕಷ್ಟ ನಿಜವಾದದ್ದು. 1969ರಿಂದ ಮುಂದಿನ ವರ್ಷಗಳಲ್ಲಿ ಪಂಜಾಬ್, ಮಹಾರಾಷ್ಟ್ರ, ಕೇರಳ ಮುಂತಾದ ರಾಜ್ಯಗಳ ಮಾಜಿ ಸೈನಿಕರ ಕುಟುಂಬಗಳನ್ನು ಸರ್ಕಾರವೇ ಅಲ್ಲಿ ನೆಲೆಗೊಳಿಸಿತು. ಅವರು ಕಾಡು ಕಡಿದು ತೆಂಗು, ಅಡಕೆ ಬೆಳೆದರು. ಕೊಬ್ಬರಿ ಹಾಳಾಗುವ ಮೊದಲು ಹಡಗು ಬರಬೇಕು, ಮಗನ ಪರೀಕ್ಷೆಗೆ ಮೊದಲು ಹಡಗು ಬರಬೇಕು, ಅಪ್ಪನ ಉಸಿರು ನಿಲ್ಲುವ ಮೊದಲು ಹೆಲಿಕಾಪ್ಟರ್ ಬರಬೇಕು. ಲಾಂಚಿಗೆ ಕಾದ ನಮಗೆ ಈ ಸಂಕಟ ಅರ್ಥವಾಗದೆ ಇದ್ದೀತೇ?

ಕೇಳಿದ್ದು ಒಂದು, ಕೊಟ್ಟದ್ದು ಇನ್ನೊಂದು

ಈಗ ಈ ಸಂಕಟಕ್ಕೆ ಪರಿಹಾರವೆಂದು ಮುಂದಿಟ್ಟಿರುವ ಯೋಜನೆಯನ್ನು ನೋಡೋಣ. ನೀತಿ ಆಯೋಗ ರೂಪಿಸಿದ, 2022ರ ನವೆಂಬರಿನಲ್ಲಿ ಪರಿಸರ ಅನುಮತಿ ಪಡೆದ "ಸಮಗ್ರ ಅಭಿವೃದ್ಧಿ"ಯ ಅಂಗಗಳು ನಾಲ್ಕು. ಗಲಾಥಿಯಾ ಕೊಲ್ಲಿಯಲ್ಲಿ ವರ್ಷಕ್ಕೆ 1.42 ಕೋಟಿ ಕಂಟೇನರ್ ಘಟಕಗಳನ್ನು ನಿಭಾಯಿಸುವ ಬಂದರು. ದಟ್ಟಣೆಯ ವೇಳೆಯಲ್ಲಿ ತಾಸಿಗೆ 4,000 ಪ್ರಯಾಣಿಕರನ್ನು ನಿಭಾಯಿಸುವ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ. ಅನಿಲ ಮತ್ತು ಸೌರಶಕ್ತಿಯ ವಿದ್ಯುತ್ ಸ್ಥಾವರ. ಜೊತೆಗೊಂದು ಹೊಸ ನಗರ. ಒಟ್ಟು ಆಕ್ರಮಿಸುವ ಭೂಮಿ 166 ಚದರ ಕಿಲೋಮೀಟರ್, ಅದರಲ್ಲಿ ಅರಣ್ಯ 130 ಚದರ ಕಿಲೋಮೀಟರಿಗೂ ಹೆಚ್ಚು. ಆರಂಭದಲ್ಲಿ ಹೇಳಿದ ವೆಚ್ಚ 72 ಸಾವಿರ ಕೋಟಿ ರೂಪಾಯಿ. ಕಡಿಯಬೇಕಾದ ಮರಗಳ ಲೆಕ್ಕ ಮೊದಲು ಎಂಟೂವರೆ ಲಕ್ಷವಿದ್ದದ್ದು ಆಮೇಲೆ ಒಂಬತ್ತೂವರೆ ಲಕ್ಷವನ್ನು ದಾಟಿತು. ಮೂವತ್ತು ವರ್ಷಗಳಲ್ಲಿ ದ್ವೀಪದ ಜನಸಂಖ್ಯೆ ಮೂರೂವರೆ ಲಕ್ಷದ ಹತ್ತಿರಕ್ಕೆ ಏರುತ್ತದೆಂಬುದು ಯೋಜನೆಯದೇ ನಿರೀಕ್ಷೆ.

ಓದುಗರು ಒಂದು ಸಣ್ಣ ಲೆಕ್ಕ ಮಾಡಬೇಕು. ತಾಸಿಗೆ 4,000 ಪ್ರಯಾಣಿಕರ ವಿಮಾನ ನಿಲ್ದಾಣದಲ್ಲಿ ಈಗಿನ ದ್ವೀಪವಾಸಿಗಳೆಲ್ಲರೂ, ಹಸುಗೂಸಿನಿಂದ ಹಣ್ಣು ಮುದುಕರವರೆಗೆ, ಎರಡೇ ತಾಸಿನಲ್ಲಿ ಹೊರಟುಹೋಗಬಹುದು. ಮೂರನೆಯ ತಾಸಿಗೆ ಕರೆದೊಯ್ಯಲು ಜನರೇ ಇರುವುದಿಲ್ಲ. ಹಾಗಾದರೆ ಈ ನಿಲ್ದಾಣ ಯಾರ ಅಳತೆಗೆ ಹೊಲಿದ ಅಂಗಿ? ಕೊಬ್ಬರಿ ಮಾರಲು ಹಡಗು ಕೇಳಿದ ರೈತನ ಅಳತೆಗಂತೂ ಅಲ್ಲ. ಕಂಟೇನರ್ ಬಂದರಿನ ಅರ್ಥವನ್ನೂ ಸ್ಪಷ್ಟವಾಗಿ ತಿಳಿಯಬೇಕು. ಅದು ದೊಡ್ಡ ಹಡಗಿನಿಂದ ಸಣ್ಣ ಹಡಗಿಗೆ ಸರಕು ವರ್ಗಾಯಿಸುವ ತಾಣ. ಅಲ್ಲಿ ಇಳಿಯುವ ಪೆಟ್ಟಿಗೆ ದ್ವೀಪಕ್ಕೆ ಬಂದದ್ದಲ್ಲ, ದ್ವೀಪದ ಮೂಲಕ ಮತ್ತೆಲ್ಲಿಗೋ ಹೊರಟದ್ದು. ದ್ವೀಪವಾಸಿಯ ಪಾಲಿಗೆ ಅದು ಮನೆ ಮುಂದೆ ಹಾದುಹೋಗುವ, ಆದರೆ ನಿಲ್ಲದ ಬಸ್ಸು.

ಜನರ ಕಷ್ಟವನ್ನು ಮುನ್ನುಡಿಯಲ್ಲಿ ಬರೆದು, ಜನರಿಗೆ ಸಂಬಂಧವೇ ಇಲ್ಲದ ಅಂಕಿಗಳನ್ನು ಒಳಪುಟಗಳಲ್ಲಿ ತುಂಬುವ ಈ ವಿದ್ಯೆ ನಮಗೆ ಹೊಸದಲ್ಲ. ಆರು ಅಡಿ ದಾರಿ ಕೇಳಿದ ಹಳ್ಳಿಯ ಅರ್ಜಿಯನ್ನು ತೋರಿಸಿ ಅರವತ್ತು ಅಡಿಯ ಹೆದ್ದಾರಿ ಮಾಡುವುದು, ಆ ಹೆದ್ದಾರಿಯಲ್ಲಿ ಹಳ್ಳಿಯ ಬಸ್ಸು ನಿಲ್ಲದಿರುವುದು, ಮಲೆನಾಡಿನ ಮಕ್ಕಳಿಗೂ ಗೊತ್ತಿರುವ ಕಥೆ.

ಮನೆಗೆ ಹೋಗುವ ದಾರಿ

ಆ ದ್ವೀಪದಲ್ಲಿ ಒಂದು ದಾರಿಗಾಗಿ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಕಾದಿರುವವರಿದ್ದಾರೆ. ಅವರ ಮಾತು ಯೋಜನೆಯ ಯಾವ ಅಂಗದಲ್ಲೂ ಇಲ್ಲ.

2004ರ ಡಿಸೆಂಬರ್ 26ರ ಭೂಕಂಪ ಮತ್ತು ಸುನಾಮಿ ಗ್ರೇಟ್ ನಿಕೋಬಾರಿನ ಕರಾವಳಿಯನ್ನು ಛಿದ್ರಗೊಳಿಸಿತು. ದಕ್ಷಿಣ ಮತ್ತು ಪಶ್ಚಿಮ ಕರಾವಳಿಯ ನಿಕೋಬಾರಿ ಆದಿವಾಸಿಗಳ ಹಳ್ಳಿಗಳು ಅಳಿದವು. ಬದುಕುಳಿದವರನ್ನು ಕ್ಯಾಂಪ್‌ಬೆಲ್ ಬೇ ಸಮೀಪದ ಶಿಬಿರಗಳಿಗೆ ತಂದರು. ತಾತ್ಕಾಲಿಕವೆಂದು ಹೇಳಿದ ಆ ವಸತಿಗಳೇ ರಾಜೀವ್ ನಗರ, ನ್ಯೂ ಚಿಂಗೆನ್ ಎಂಬ ಊರುಗಳಾದವು. ತೋಟ, ಹಂದಿ, ದೋಣಿ, ಕಡಲು ಎಲ್ಲವೂ ಇದ್ದ ಜನ ಕೂಲಿಗೆ ನಿಂತರು. ತಮ್ಮ ಪೂರ್ವಜರ ಹಳ್ಳಿಗಳಿಗೆ ಮರಳಲು ಅವಕಾಶ ಕೊಡಿ ಎಂದು ಅಂದಿನಿಂದಲೂ ಕೇಳುತ್ತ ಬಂದಿದ್ದಾರೆ. ಅವರು ಕೇಳಿದ್ದು ಒಡೆದುಹೋದ ರಸ್ತೆಯ ದುರಸ್ತಿ, ಒಂದು ಸಣ್ಣ ಜೆಟ್ಟಿ, ಕುಡಿಯುವ ನೀರು, ಒಂದು ಶಾಲೆ. ಈಗ ಅದೇ ಕರಾವಳಿಯ ಭಾಗಗಳು ಬಂದರು, ವಿಮಾನ ನಿಲ್ದಾಣ, ನಗರಗಳ ನಕ್ಷೆಯೊಳಗೆ ಸೇರಿವೆ. ಜಗತ್ತಿನ ಯಾವುದೇ ಮೂಲೆಯಿಂದ ಗ್ರೇಟ್ ನಿಕೋಬಾರಿಗೆ ಬರಲು ದಾರಿಯಾಗುತ್ತದೆ. ಗ್ರೇಟ್ ನಿಕೋಬಾರಿನವನು ತನ್ನ ಮನೆಗೆ ಹೋಗುವ ದಾರಿ ಮಾತ್ರ ಶಾಶ್ವತವಾಗಿ ಮುಚ್ಚುತ್ತದೆ.

ಲಿಟಲ್ ಮತ್ತು ಗ್ರೇಟ್ ನಿಕೋಬಾರಿನ ಆದಿವಾಸಿ ಮಂಡಳಿ 2022ರ ಆಗಸ್ಟಿನಲ್ಲಿ ನೀಡಿದ್ದ ನಿರಾಕ್ಷೇಪಣೆಯನ್ನು, ಪೂರ್ಣ ಮಾಹಿತಿ ನೀಡದೆ ಅವಸರದಲ್ಲಿ ಪಡೆದದ್ದೆಂದು ಹೇಳಿ ಅದೇ ವರ್ಷದ ನವೆಂಬರಿನಲ್ಲಿ ಹಿಂತೆಗೆದುಕೊಂಡಿತು. ಒಪ್ಪಿಗೆ ಕೊಟ್ಟಾಗ ಅದು ದಾಖಲೆ, ಹಿಂತೆಗೆದುಕೊಂಡಾಗ ಅದು ಬರೀ ಕಾಗದ! ಒಪ್ಪಿಗೆಯ ಅರ್ಥ ಇದೇ ಆದರೆ ನಮ್ಮ ಗ್ರಾಮಸಭೆಗಳ ನಿರ್ಣಯಗಳಿಗೆ ನಾಳೆ ಏನು ಬೆಲೆ ಉಳಿದೀತು?

ಇನ್ನು ಒಳಗಾಡಿನಲ್ಲಿ ಶೋಂಪೆನ್ನರಿದ್ದಾರೆ. 2011ರ ಗಣತಿಯಲ್ಲಿ ಅವರ ಸಂಖ್ಯೆ 229. ಬೇಟೆ, ಆಹಾರ ಸಂಗ್ರಹಣೆ, ಸಣ್ಣ ಕಾಡುತೋಟಗಳಿಂದ ಬದುಕುವ ಇವರಲ್ಲಿ ಹೆಚ್ಚಿನವರು ಹೊರಗಿನವರ ಸಂಪರ್ಕವನ್ನು ಬಯಸಿಲ್ಲ. ಸಂಪರ್ಕ ಎಂಬ ಶಬ್ದಕ್ಕೆ ಅವರ ಪಾಲಿಗಿರುವ ಅರ್ಥವೇನೆಂಬುದನ್ನು ಅಂಡಮಾನಿನ ಚರಿತ್ರೆ ಹೇಳುತ್ತದೆ. 1858ರಲ್ಲಿ ಬ್ರಿಟಿಷರು ಪೋರ್ಟ್ ಬ್ಲೇರಿನಲ್ಲಿ ಕೈದಿಗಳ ವಸಾಹತು ಹೂಡಿದಾಗ ಸಾವಿರಗಟ್ಟಲೆ ಇದ್ದ ಗ್ರೇಟ್ ಅಂಡಮಾನೀಯರು ಹಡಗಿನಲ್ಲಿ ಬಂದ ರೋಗಗಳಿಗೆ ಬಲಿಯಾದರು. 1877ರ ದಡಾರವೊಂದೇ ಹಳ್ಳಿಹಳ್ಳಿಗಳನ್ನು ಬರಿದುಮಾಡಿತು. ಇಂದು ಉಳಿದವರು ಕೆಲವೇ ಹತ್ತುಗಳು. ಜಾರವರ ಕಾಡನ್ನು ಸೀಳಿಕೊಂಡು ಹೋದ ಅಂಡಮಾನ್ ಟ್ರಂಕ್ ರಸ್ತೆಯೂ "ಸಂಪರ್ಕ"ದ ಹೆಸರಿನಲ್ಲಿಯೇ ಬಂದದ್ದು. ಮೀಸಲು ಪ್ರದೇಶದೊಳಗಿನ ಆ ರಸ್ತೆಯನ್ನು ಮುಚ್ಚಬೇಕೆಂದು ಸರ್ವೋಚ್ಚ ನ್ಯಾಯಾಲಯ 2002ರಲ್ಲೇ ಆದೇಶಿಸಿತು. ಅದು ಇಂದಿಗೂ ಸಂಚಾರಕ್ಕೆ ತೆರೆದೇ ಇದೆ. ಪ್ರವಾಸಿಗಳು ವಾಹನದ ಕಿಟಕಿಯಿಂದ ಮನುಷ್ಯರನ್ನು ಮೃಗಾಲಯದ ಪ್ರಾಣಿಗಳಂತೆ ನೋಡಿದ ಲಜ್ಜೆಗೇಡಿ ದೃಶ್ಯಗಳನ್ನು ಜಗತ್ತು ಕಂಡಿತು. ಇಷ್ಟಾದ ಮೇಲೂ 229 ಜನರ ಪಕ್ಕದಲ್ಲಿ ಮೂರೂವರೆ ಲಕ್ಷ ಜನರ ನಗರ ಕಟ್ಟಿ "ಆದಿವಾಸಿಗಳ ಹಿತ ಕಾಯುತ್ತೇವೆ" ಎನ್ನುವ ಧೈರ್ಯವನ್ನು ಮೆಚ್ಚಬೇಕೋ, ಮರುಗಬೇಕೋ?

ಕಡಲ ದಾರಿಯ ಹಳೆಯ ಪಯಣಿಗರು

ಗ್ರೇಟ್ ನಿಕೋಬಾರಿಗೆ ಸಮುದ್ರ ಮಾರ್ಗವಾಗಿ ಬರುವ ಅತ್ಯಂತ ಪ್ರಾಚೀನ ಪಯಣಿಗರೆಂದರೆ ಲೆದರ್‌ಬ್ಯಾಕ್ ಕಡಲಾಮೆಗಳು. ಜಗತ್ತಿನ ಅತಿ ದೊಡ್ಡ ಆಮೆಯಾದ ಇದು ಮೊಟ್ಟೆಯಿಡಲು ಗಲಾಥಿಯಾ ಕೊಲ್ಲಿಯ ಮರಳಿಗೆ ಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಲಿಟಲ್ ಅಂಡಮಾನಿನಲ್ಲಿ ಈ ಆಮೆಗಳಿಗೆ ಉಪಗ್ರಹ ಸಂಕೇತ ಸಾಧನ ಅಂಟಿಸಿ ಹಿಂಬಾಲಿಸಿದಾಗ, ಕೆಲವು ಆಸ್ಟ್ರೇಲಿಯದ ಪಶ್ಚಿಮ ತೀರದತ್ತ, ಕೆಲವು ಆಫ್ರಿಕಾದತ್ತ ಸಾವಿರಾರು ಕಿಲೋಮೀಟರ್ ಈಜಿಹೋದದ್ದು ತಿಳಿಯಿತು. ಹಾಗೆ ಮಹಾಸಾಗರವನ್ನು ದಾಟಿ ಬರುವ ಪ್ರಾಣಿಗೆ ಈ ಕೊಲ್ಲಿ ತವರುಮನೆ. ಇಲ್ಲಿದ್ದ ವನ್ಯಧಾಮವನ್ನು ಬಂದರಿಗಾಗಿ 2021ರ ಜನವರಿಯಲ್ಲಿ ರದ್ದುಪಡಿಸಲಾಯಿತು. ಸೋಜಿಗವೆಂದರೆ ಅದೇ ತಿಂಗಳು ಬಿಡುಗಡೆಯಾದ ಕಡಲಾಮೆಗಳ ರಾಷ್ಟ್ರೀಯ ಕ್ರಿಯಾಯೋಜನೆಯು ಗಲಾಥಿಯಾವನ್ನು ಮಹತ್ವದ ಗೂಡುನೆಲೆಯೆಂದು ಪಟ್ಟಿಮಾಡಿತ್ತು. ಬಲಗೈ ಬರೆದದ್ದನ್ನು ಎಡಗೈ ಅಳಿಸಿತು.

ಇನ್ನೊಂದು ಜೀವಿಯನ್ನು ರೈತರಾದ ನಾವು ವಿಶೇಷವಾಗಿ ಗಮನಿಸಬೇಕು. ನಿಕೋಬಾರ್ ಮೆಗಾಪೋಡ್ ಎಂಬ ಹಕ್ಕಿ ಕಾವು ಕೂರುವುದಿಲ್ಲ. ಕಡಲಂಚಿನ ಕಾಡಿನಲ್ಲಿ ಮಣ್ಣು, ತರಗೆಲೆಗಳನ್ನು ಕೆದರಿ ಗುಡ್ಡೆ ಹಾಕಿ ಅದರೊಳಗೆ ಮೊಟ್ಟೆಯಿಡುತ್ತದೆ. ಎಲೆ ಕೊಳೆಯುವಾಗ ಹುಟ್ಟುವ ಬಿಸಿಯೇ ಮರಿ ಮಾಡುತ್ತದೆ. ಗೊಬ್ಬರದ ಗುಂಡಿಗೆ ಕೈಯಿಟ್ಟು ಬಿಸಿ ನೋಡಿದ ಯಾವ ಕೃಷಿಕನಿಗೂ ಈ ತಂತ್ರ ಅರ್ಥವಾಗುತ್ತದೆ. ಈ ಗುಡ್ಡೆಗಳಿರುವುದು ಕರಾವಳಿಯ ಕಿರಿದಾದ ಪಟ್ಟಿಯಲ್ಲಿ. ಅದೇ ಪಟ್ಟಿಯ ಮೇಲೆ ಬುಲ್ಡೋಜರಿನ ಕಣ್ಣು ಬಿದ್ದಿದೆ.

ಹರಿಯಾಣದಲ್ಲಿ ನೆಟ್ಟ ನಿಕೋಬಾರ್!

ಕಡಿದ ಕಾಡಿಗೆ ಪರಿಹಾರವಾಗಿ ಹರಿಯಾಣ, ಮಧ್ಯಪ್ರದೇಶಗಳಲ್ಲಿ ಗಿಡ ನೆಡುತ್ತಾರಂತೆ. ಮಣ್ಣನ್ನು ಓದಿ ಹೊಟ್ಟೆ ಹೊರೆಯುವವನಾಗಿ ಈ ವಾಕ್ಯವನ್ನು ಮೊದಲ ಸಲ ಓದಿದಾಗ ಅಚ್ಚಿನ ದೋಷವೆಂದುಕೊಂಡೆ. ಗ್ರೇಟ್ ನಿಕೋಬಾರಿನಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಹರಿಯಾಣದ ಸರಾಸರಿ ಆರುನೂರನ್ನೂ ಮುಟ್ಟುವುದಿಲ್ಲ. ನಿತ್ಯಹರಿದ್ವರ್ಣ ಕಾಡಿನಲ್ಲಿ ಪೋಷಕಾಂಶಗಳ ಬಹುಪಾಲು ಇರುವುದು ಮಣ್ಣಿನ ಆಳದಲ್ಲಲ್ಲ. ಮರಗಳಲ್ಲಿ, ದರಕಿನಲ್ಲಿ, ಮೇಲ್ಪದರದ ಬೇರುಗಳ ಹಾಗೂ ಶಿಲೀಂಧ್ರಗಳ ಜಾಲದಲ್ಲಿ. ಮರ ಹೋದರೆ ಒಂದೆರಡು ಮಳೆಗಾಲದಲ್ಲಿ ಮೇಲ್ಮಣ್ಣು ತೊಳೆದುಹೋಗುತ್ತದೆ. ಘಟ್ಟದ ಇಳಿಜಾರಿನಲ್ಲಿ ಕಾಡು ಬೋಳಿಸಿದ ಜಾಗದಲ್ಲಿ ಕೆಂಪು ನೀರು ಹರಿದದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದ್ವೀಪದಲ್ಲಾದರೆ ಆ ಕೆಂಪು ನೀರು ಹೋಗಿ ಕೂರುವುದು ಹವಳದ ದಿಬ್ಬಗಳ ಮೇಲೆ. ಕಾಡೆಂಬುದು ಗಿಡಗಳ ತಲೆಯೆಣಿಕೆಯಾಗಿದ್ದರೆ ನಮ್ಮ ಅಕೇಶಿಯಾ ನೆಡುತೋಪುಗಳೂ ಕಾಡಾಗಬೇಕಿತ್ತು!

ದಾರಿ ದೊಡ್ಡದಾದಷ್ಟೂ ಅದರಲ್ಲಿ ಬರುವ ಕರೆಯದ ಅತಿಥಿಗಳು ಹೆಚ್ಚು ಎಂಬುದು ಕೃಷಿವಿಜ್ಞಾನದ ಪ್ರಾಥಮಿಕ ಪಾಠ. ಎರಡನೆಯ ಮಹಾಯುದ್ಧದ ನಂತರ ಸೈನಿಕ ಸರಕಿನೊಡನೆ ಗುವಾಮ್ ದ್ವೀಪಕ್ಕೆ ಬಂದಿಳಿದ ಕಂದು ಮರಹಾವು ಕೆಲವೇ ದಶಕಗಳಲ್ಲಿ ಅಲ್ಲಿನ ಸ್ಥಳೀಯ ಕಾಡುಹಕ್ಕಿಗಳಲ್ಲಿ ಹೆಚ್ಚಿನವನ್ನು ನುಂಗಿಹಾಕಿತು. ನಮ್ಮಲ್ಲೇ ನೋಡಿ: 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ತೆಂಗಿನ ನುಸಿ ಎಷ್ಟು ಬೇಗ ಕರ್ನಾಟಕದ ತೋಟಗಳನ್ನು ಹೊಕ್ಕಿತು ಎಂಬುದು ಪ್ರತಿಯೊಬ್ಬ ತೆಂಗು ಬೆಳೆಗಾರನಿಗೂ ನೆನಪಿದೆ. ತೆಂಗನ್ನೇ ನಂಬಿದ ದ್ವೀಪದ ಅಂಗಳಕ್ಕೆ ಲೋಕದ ಎಲ್ಲ ಬಂದರುಗಳ ಕಂಟೇನರುಗಳನ್ನು ತಂದಿಳಿಸುವಾಗ ಈ ಅಪಾಯದ ಬೆಲೆಯನ್ನು ಯಾವ ಲೆಕ್ಕಪುಸ್ತಕದಲ್ಲಿ ಬರೆದಿದ್ದಾರೆ?

ಎದುರು ವಾದಗಳು

ಯೋಜನೆಯ ಪರವಾಗಿ ಮೂರು ವಾದಗಳನ್ನು ಮುಂದಿಡುತ್ತಾರೆ. ಅವನ್ನು ನ್ಯಾಯವಾಗಿ ಪರಿಶೀಲಿಸುವುದು ನಮ್ಮ ಕರ್ತವ್ಯ.

ಮೊದಲನೆಯದು ರಾಷ್ಟ್ರರಕ್ಷಣೆ. ಮಲಕ್ಕಾ ಜಲಸಂಧಿಯ ಬಾಯಿಯಲ್ಲಿರುವ ದ್ವೀಪದ ಆಯಕಟ್ಟಿನ ಮಹತ್ವವನ್ನು ಯಾರೂ ಅಲ್ಲಗಳೆಯುವುದಿಲ್ಲ. ನೌಕಾಪಡೆಗೆ ಅಲ್ಲಿ ಈಗಾಗಲೇ ನೆಲೆಯಿದೆ. ಅದನ್ನು ಬಲಪಡಿಸಬೇಕೆಂದರೆ ಬಲಪಡಿಸಲಿ. ಆದರೆ ಮೂರೂವರೆ ಲಕ್ಷ ಜನರ ನಗರ, ವಿಹಾರಧಾಮಗಳು, ಕಂಟೇನರ್ ವ್ಯಾಪಾರ ಇವು ಯಾವ ರಕ್ಷಣೆಯ ಅಂಗ? ರಕ್ಷಣೆಯ ಹೆಸರು ಹೇಳಿದೊಡನೆ ಪ್ರಶ್ನೆ ಕೇಳುವವರ ಬಾಯಿ ಮುಚ್ಚುತ್ತದೆ, ದಾಖಲೆಗಳ ಕಪಾಟೂ ಮುಚ್ಚುತ್ತದೆ. 2023ರ ಏಪ್ರಿಲಿನಲ್ಲಿ ಅನುಮತಿಯನ್ನು ರದ್ದುಪಡಿಸಲು ನಿರಾಕರಿಸಿದ ಹಸಿರು ನ್ಯಾಯಮಂಡಳಿಯೇ ಕೆಲವು ಅಂಶಗಳ ಮರುಪರಿಶೀಲನೆಗೆ ಉನ್ನತಾಧಿಕಾರ ಸಮಿತಿಯನ್ನು ನೇಮಿಸಿತು. ಆ ಸಮಿತಿಯ ವರದಿಯನ್ನು ಗೋಪ್ಯವೆಂದು ಜನರ ಕೈಗೆ ಕೊಡಲಿಲ್ಲ. ಆಮೆಯ ಗೂಡು, ಹವಳದ ದಿಬ್ಬಗಳ ಸಂಗತಿ ಯಾವ ಶತ್ರುವಿಗೆ ತಿಳಿಯಬಾರದ ರಹಸ್ಯ?

ಎರಡನೆಯದು ವ್ಯಾಪಾರ. ಭಾರತದ ಸರಕು ಕೊಲಂಬೊ, ಸಿಂಗಪುರಗಳಲ್ಲಿ ಹಡಗು ಬದಲಿಸುತ್ತದೆ, ಹಣ ಹೊರಹೋಗುತ್ತದೆ ಎಂಬುದು ನಿಜ. ಆ ಉದ್ದೇಶಕ್ಕಾಗಿಯೇ ಕೇರಳದ ವಿಳಿಂಜಂ ಬಂದರು 2025ರ ಮೇ ತಿಂಗಳಲ್ಲಿ ಉದ್ಘಾಟನೆಗೊಂಡಿದೆ. ಮುಖ್ಯಭೂಮಿಯ ರಸ್ತೆ, ರೈಲುಗಳಿಂದ ಸಾವಿರಾರು ಕಿಲೋಮೀಟರ್ ದೂರದಲ್ಲಿ, ಸಿಮೆಂಟು, ಕಬ್ಬಿಣ, ಕೂಲಿಯಾಳುಗಳೆಲ್ಲರನ್ನೂ ಹಡಗಿನಲ್ಲಿಯೇ ತರಬೇಕಾದ ಜಾಗದಲ್ಲಿ ಇನ್ನೊಂದನ್ನು ಕಟ್ಟುವ ಆರ್ಥಿಕ ತರ್ಕವನ್ನು ಬಹಿರಂಗವಾಗಿ ವಿವರಿಸುವ ಹೊಣೆ ಯೋಜಕರದು. ಅದೂ ಎಂಥ ನೆಲದ ಮೇಲೆ? 2004ರ ಆ ಒಂದು ಬೆಳಗ್ಗೆ ಇಂದಿರಾ ಪಾಯಿಂಟಿನ ನೆಲ ನಾಲ್ಕು ಮೀಟರಿಗೂ ಹೆಚ್ಚು ಕುಸಿಯಿತು. ದಡದ ಮೇಲಿದ್ದ ದೀಪಸ್ತಂಭ ನೀರಿನೊಳಗೆ ನಿಂತಿತು. ಅದನ್ನು ಕಂಡೂ ಅದೇ ಕರಾವಳಿಯಲ್ಲಿ ಸಾವಿರಾರು ಕೋಟಿ ಹೂಡುವುದು ಸಾಹಸವಲ್ಲ, ಮರೆವು.

ಮೂರನೆಯದು, "ಜಗತ್ತಿನ ಬೇರೆ ದ್ವೀಪಗಳಿಗೆ ವಿಮಾನ ಹೋಗುತ್ತಿಲ್ಲವೇ?" ಎಂಬ ಪ್ರಶ್ನೆ. ಖಂಡಿತ ಹೋಗುತ್ತಿದೆ. ದಕ್ಷಿಣ ಅಟ್ಲಾಂಟಿಕ್ ಸಾಗರದ ನಡುವೆ ನೆಪೋಲಿಯನ್ ಸೆರೆಯಲ್ಲಿದ್ದು ಸತ್ತ ಸೇಂಟ್ ಹೆಲೆನಾ ದ್ವೀಪವನ್ನೇ ನೋಡೋಣ. ಸುಮಾರು ನಾಲ್ಕೂವರೆ ಸಾವಿರ ಜನರ ಆ ದ್ವೀಪಕ್ಕೆ ಕೇಪ್ ಟೌನಿನಿಂದ ಹಡಗಿನಲ್ಲಿ ಐದು ದಿನದ ದಾರಿ. ಅಲ್ಲಿಯೂ ವಿಮಾನ ನಿಲ್ದಾಣ ಬಂದಿದೆ. ಆದರೆ ಮೊದಲು, 2002ರಲ್ಲಿ, ಹಡಗು ಬೇಕೋ ವಿಮಾನ ಬೇಕೋ ಎಂದು ದ್ವೀಪವಾಸಿಗಳ ಮತ ಕೇಳಿದರು. ಬಹುಮತ ವಿಮಾನದ ಕಡೆ ಬಂತು. ಬ್ರಿಟಿಷ್ ಸರ್ಕಾರ 28.5 ಕೋಟಿ ಪೌಂಡ್ ಖರ್ಚುಮಾಡಿತು. ಅಷ್ಟಾದರೂ 2016ರಲ್ಲಿ ಆರಂಭವಾಗಬೇಕಿದ್ದ ವಿಮಾನಸಂಚಾರವನ್ನು ಬೆಟ್ಟದಂಚಿನ ಸುಳಿಗಾಳಿ ತಡೆಯಿತು. 2017ರ ಅಕ್ಟೋಬರಿನಲ್ಲಿ ಚಿಕ್ಕ ವಿಮಾನವೊಂದು ವಾರಕ್ಕೊಮ್ಮೆ ಹಾರತೊಡಗಿತು. ಹಳೆಯ ಹಡಗು 2018ರಲ್ಲಿ ನಿವೃತ್ತಿಯಾಯಿತು. ಈ ಕಥೆಯಿಂದ ನಾನು ವಿಮಾನ ಬೇಡವೆಂಬ ಪಾಠ ಕಲಿಯುವುದಿಲ್ಲ. ಜನರನ್ನು ಕೇಳಬೇಕು, ದಾರಿಯ ಅಳತೆ ಊರಿನ ಅಳತೆಯನ್ನು ಮೀರಬಾರದು, ಗಾಳಿ, ನೀರು, ನೆಲಗಳ ಮಾತನ್ನು ಎಷ್ಟೇ ಹಣವಿದ್ದರೂ ಮೀರಲಾಗದು ಎಂಬ ಪಾಠ ಕಲಿಯುತ್ತೇನೆ. ಗ್ರೇಟ್ ನಿಕೋಬಾರಿನಲ್ಲಿ ಈ ಮೂರನ್ನೂ ಗಾಳಿಗೆ ತೂರಲಾಗಿದೆ.

ನಮ್ಮ ಆಗ್ರಹಗಳು

ಬರೀ "ಬೇಡ" ಎಂದು ಕೂರುವುದು ಚಳವಳಿಯ ಲಕ್ಷಣವಲ್ಲ. ಬೇಕಾದದ್ದೇನೆಂಬುದನ್ನೂ ಹೇಳಬೇಕು.

ಒಂದು: ಶ್ರೀ ವಿಜಯ ಪುರಂ ಮತ್ತು ಕ್ಯಾಂಪ್‌ಬೆಲ್ ಬೇ ನಡುವೆ ನಿಶ್ಚಿತ ವೇಳಾಪಟ್ಟಿಯ, ಮಳೆಗಾಲದಲ್ಲೂ ಓಡಬಲ್ಲ ಹಡಗುಗಳನ್ನು ಹೆಚ್ಚಿಸಬೇಕು. ದ್ವೀಪವಾಸಿಗಳಿಗೆ ಆಸನಗಳಲ್ಲಿ, ರೈತರ ಕೊಬ್ಬರಿ, ಅಡಕೆಗೆ ಸರಕುಕೋಣೆಯಲ್ಲಿ ಆದ್ಯತೆ ಸಿಗಬೇಕು.

ಎರಡು: ರೋಗಿಗಳಿಗಾಗಿಯೇ ಮೀಸಲಾದ ಹೆಲಿಕಾಪ್ಟರ್ ಇರಬೇಕು. ಅದಕ್ಕಿಂತ ಮುಖ್ಯವಾಗಿ, ಹೆರಿಗೆಗೂ ಶಸ್ತ್ರಚಿಕಿತ್ಸೆಗೂ ದ್ವೀಪ ಬಿಡಬೇಕಾಗದಂತೆ ಕ್ಯಾಂಪ್‌ಬೆಲ್ ಬೇ ಆಸ್ಪತ್ರೆಯನ್ನು ಸಜ್ಜುಗೊಳಿಸಬೇಕು. ಈಗಿರುವ ನೌಕಾಪಡೆಯ ಓಡುದಾರಿಯಲ್ಲಿ ಚಿಕ್ಕ ನಾಗರಿಕ ವಿಮಾನಗಳಿಗೆ ಅವಕಾಶವಾಗುವುದೇ ಎಂದು ಪರಿಶೀಲಿಸಲಿ.

ಮೂರು: ನಿಕೋಬಾರಿಗಳು ತಮ್ಮ ಹಳ್ಳಿಗಳಿಗೆ ಮರಳಲು ಬೇಕಾದ ರಸ್ತೆ, ಜೆಟ್ಟಿಗಳನ್ನು ಮೊದಲು ಕಟ್ಟಿಕೊಡಬೇಕು. ಅವರ ಅರಣ್ಯ ಹಕ್ಕುಗಳು ಇತ್ಯರ್ಥವಾಗುವವರೆಗೆ ಒಂದು ಮರವನ್ನೂ ಕಡಿಯಬಾರದು. ಶೋಂಪೆನ್ನರ ಕಾಡನ್ನು ಮುಟ್ಟಲೇಬಾರದು.

ನಾಲ್ಕು: ಉನ್ನತಾಧಿಕಾರ ಸಮಿತಿಯ ವರದಿಯನ್ನೂ ಪರಿಸರ ಅಧ್ಯಯನಗಳೆಲ್ಲವನ್ನೂ ಜನರ ಮುಂದಿಡಬೇಕು.

ಇವೆಲ್ಲಕ್ಕೂ ತಗಲುವ ವೆಚ್ಚ ಆ 72 ಸಾವಿರ ಕೋಟಿಯ ಎದುರು ಚಿಲ್ಲರೆ ಕಾಸು. ಜನರ ಕಷ್ಟ ನಿವಾರಣೆಯೇ ನಿಜವಾದ ಉದ್ದೇಶವಾಗಿದ್ದರೆ ಈ ಚಿಲ್ಲರೆಯನ್ನು ಎಂದೋ ಖರ್ಚುಮಾಡಬಹುದಿತ್ತು. ಮಾಡಲಿಲ್ಲ ಎಂಬುದೇ ಉದ್ದೇಶವನ್ನು ಬಯಲುಮಾಡುತ್ತದೆ.

"ಎಲ್ಲಿಯ ನಿಕೋಬಾರ್, ಎಲ್ಲಿಯ ಮಲೆನಾಡು" ಎಂದು ಕೇಳುವ ಗೆಳೆಯರಿದ್ದಾರೆ. ಅವರಿಗೆ ನನ್ನ ಉತ್ತರ ಇಷ್ಟೇ. ಶರಾವತಿ ಕೊಳ್ಳದ ಜನ ಮುಳುಗಿದಾಗ ದೂರದ ಊರುಗಳವರು ಹೀಗೆಯೇ ಕೇಳಿದ್ದರಿಂದ ತುಮರಿಯ ಅಜ್ಜ ಅರವತ್ತು ವರ್ಷ ಲಾಂಚಿಗೆ ಕಾದ. ಎಂಟು ಸಾವಿರ ಮತಗಳೂ ಇಲ್ಲದ ದ್ವೀಪದ ಕೂಗು ದಿಲ್ಲಿಗೆ ಕೇಳಿಸುವುದಿಲ್ಲ. ಆ ಕೂಗಿಗೆ ನಮ್ಮ ದನಿ ಸೇರಬೇಕು. ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯವನ್ನು ಎತ್ತಿ, ನಾಲ್ಕು ಆಗ್ರಹಗಳ ನಿರ್ಣಯ ಬರೆದು, ಕೇಂದ್ರದ ಪರಿಸರ ಸಚಿವಾಲಯಕ್ಕೂ ಬುಡಕಟ್ಟು ವ್ಯವಹಾರಗಳ ಸಚಿವಾಲಯಕ್ಕೂ ಕಳುಹಿಸಿ. ಒಂದು ಪ್ರತಿಯನ್ನು ನಿಮ್ಮ ಸಂಸದರಿಗೆ ಕೊಟ್ಟು ಉತ್ತರ ಕೇಳಿ. ದಾರಿಗಾಗಿ ಕಾದವರಿಗೆ ಮಾತ್ರ ದಾರಿಯ ಬೆಲೆ ಗೊತ್ತು. ಅದನ್ನು ಗೊತ್ತಿರುವವರು ಈಗ ಸುಮ್ಮನಿರಬಾರದು.